ಜಾವಾ ಮೇಲೋ, ಬುಲೆಟ್ ಮೇಲೋ?

ದುಡ್ಡಿದ್ದವರಿಗೂ ಧರ್ಮಸಂಕಟಗಳು ತಪ್ಪಿದ್ದಲ್ಲ. ಅಮೆರಿಕದ ಶ್ರೀಮಂತ ಗೃಹಸ್ಥನೊಬ್ಬನು ಇಬ್ಬರೇ ಕೂರಬಹುದಾದ, ಮೇಲುಹೊದಿಕೆಯನ್ನು ಮಡಿಸಿಟ್ಟು ಗಾಳಿಗೆ ಮುಖವೊಡ್ಡಿ ಸಾಗಬಹುದಾದ ಹಳೆಯ ಮೋಟಾರೊಂದನ್ನು ಕೊಳ್ಳಲು ಹೊರಟನೆನ್ನಿ. ಒಂದು ಕಡೆ ಜರ್ಮನಿಯ ಮರ್ಸಿಡಿಸ್ ಕಂಪೆನಿಯ 300 ಎಸ್.ಎಲ್. ರೋಡ್‌ಸ್ಟರ್, 1957ರಿಂದ 1963ರವರೆಗೆ ತಯಾರಾದದ್ದು ಒಟ್ಟು 1,858 ಗಾಡಿಗಳು ಮಾತ್ರ. ಮತ್ತೊಂದು ಕಡೆ ಆತನದೇ ದೇಶದ ಷೆವರ್ಲೆ ಕಾರ್ವೆಟ್. 1953ರಲ್ಲಿ, ಮೊದಲ ವರ್ಷ, ಕಟ್ಟಿದ್ದು ಮುನ್ನೂರೇ ಮುನ್ನೂರು. ಮುನ್ನೂರಕ್ಕೂ ಬಿಳಿಯ ಬಣ್ಣ. ಒಡಲು ತಗಡಿನದಲ್ಲ, ಗಾಜಿನ ನಾರಿನದು. ಮೊದಲನೆಯದರಲ್ಲಿ ಕುಶಲಕರ್ಮಿಯ ಜಾಣ್ಮೆಯಿದೆ. ಎರಡನೆಯದರಲ್ಲಿ ಒಂದು ದೇಶದ ಯೌವನದ ಉತ್ಸಾಹವಿದೆ. ಇವೆರಡರಲ್ಲಿ ಯಾವುದು ಮೇಲೆಂದು ಅಲ್ಲಿಯ ಮಂದಿ ತಲೆಮಾರುಗಳಿಂದ ವಾದಿಸುತ್ತ ಬಂದಿದ್ದಾರೆ, ಇನ್ನೂ ತೀರ್ಮಾನವಾದಂತಿಲ್ಲ.

ಗುಂಡ್ಲುಪೇಟೆಯಲ್ಲಿರುವ ನಮಗೆ ಅಂಥ ಗಾಡಿಗಳೊಡನೆ ಇರುವ ಸಂಬಂಧ ಬಲು ಕಡಿಮೆ. ಶನಿವಾರ ಭಾನುವಾರಗಳಲ್ಲಿ ಉದಕಮಂಡಲದ ರಸ್ತೆಯಲ್ಲಿ ಅಂಥದೊಂದು ಸುಯ್ಯೆಂದು ಹಾದುಹೋದರೆ ಚಹಾದಂಗಡಿಯಲ್ಲಿ ಕುಳಿತವರು ಕತ್ತು ಹೊರಳಿಸಿ ನೋಡಿ, ಮತ್ತೆ ಲೋಟದ ಕಡೆಗೆ ತಿರುಗುತ್ತಾರೆ. ಆದರೆ ಇದೇ ಜಾತಿಯ ವಾದವೊಂದು ನಮ್ಮ ಸೀಮೆಯಲ್ಲೂ ಉಂಟು. ಅದಕ್ಕೆ ನಾಲ್ಕು ಚಕ್ರಗಳಿಲ್ಲ, ಎರಡೇ. ಜಾವಾ ಮೇಲೋ, ಬುಲೆಟ್ ಮೇಲೋ? ಈ ಪ್ರಶ್ನೆಯನ್ನು ಮೈಸೂರು, ಚಾಮರಾಜನಗರ ಜಿಲ್ಲೆಗಳ ಯಾವ ಮೆಕ್ಯಾನಿಕ್ಕಿನ ಅಂಗಡಿಯ ಮುಂದೆ ಎತ್ತಿದರೂ ಮಧ್ಯಾಹ್ನದ ಊಟಕ್ಕೆ ಯಾರೂ ಹೊತ್ತಿಗೆ ಸರಿಯಾಗಿ ಮನೆ ಸೇರುವುದಿಲ್ಲ.

ಜಾವಾ ನಮ್ಮದೆಂಬ ಅಭಿಮಾನಕ್ಕೆ ಕಾರಣವಿದೆ. ಹೆಸರು ಮಾತ್ರ ಪರದೇಶದ್ದು. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬಾತನು ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್ ಸೈಕಲ್ಲಿನ ತಯಾರಿಕೆಯನ್ನು ಪಡೆದುಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿದ, ಜಾವಾ ಆಯಿತು. ಕನ್ನಡದ ಅಧ್ಯಾಪಕನಾದ ನನಗೆ ಇದು ಸಂಧಿಯೋ ಸಮಾಸವೋ ಎಂದು ಇನ್ನೂ ಹೊಳೆದಿಲ್ಲ. ಆ ಮೇಲೆ ಇರಾಣಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಬೆಂಬಲವೂ ಅದಕ್ಕಿತ್ತು. 1973ರಿಂದ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಇರಾನ್ ದೇಶದ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆಯೆಂದು ಹೇಳುತ್ತಾರೆ. 1978ರಲ್ಲಿ ಬಂದ ರೋಡ್‌ಕಿಂಗ್ ಎಂಬ ಮಾದರಿ ಬಲು ಚುರುಕಾದದ್ದು: ಹದಿನಾರು ಕುದುರೆಗಳ ಶಕ್ತಿ. ಅದೇ ಅಳತೆಯ ಎಂಜಿನಿನ ಹಳೆಯ ಜಾವಾಕ್ಕೆ ಇದ್ದದ್ದು ಹನ್ನೆರಡು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಪಾಳಿಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಮನೆಗಳು ಮೈಸೂರಿನಲ್ಲಿ ಬೇರೆ ಉಪಾಯ ಹುಡುಕಿಕೊಂಡವು.

ಬುಲೆಟ್ಟಿನ ವಂಶಾವಳಿ ಇಂಗ್ಲೆಂಡಿನದು. ಆ ಹೆಸರು ಮೊದಲು ಗಾಡಿಯ ಮೇಲೆ ಬಂದದ್ದು 1932ರಲ್ಲಿ. ಸೇನೆಗೆ ಗಡಿ ಕಾಯಲು ಗಟ್ಟಿಯಾದ ವಾಹನ ಬೇಕಾಗಿದ್ದರಿಂದ 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು, ತಿರುವೊತ್ತಿಯೂರಿನಲ್ಲಿ ಕಾರ್ಖಾನೆಯಾಯಿತು. 1970ರ ಹೊತ್ತಿಗೆ ಇಂಗ್ಲೆಂಡಿನ ಮೂಲಸಂಸ್ಥೆಯೇ ನಿಂತುಹೋಯಿತು. ಮಗಳು ಮಾತ್ರ ಮದರಾಸಿನಲ್ಲಿ ಸುಖವಾಗಿ ಬಾಳಿದಳು. 1977ರಿಂದ ತವರಿಗೇ ಗಾಡಿಗಳನ್ನು ಕಳುಹಿಸಿದಳು ಕೂಡ. ಇಂದಿಗೂ ಆ ಸಂತಾನ ಬೆಳೆಯುತ್ತಲೇ ಇದೆ. ವಾದದ ಗಂಟು ಇರುವುದೂ ಇಲ್ಲಿಯೇ. ಒಂದು ಗಾಡಿಗೆ ಹೆತ್ತ ಮನೆ ಉಳಿದಿಲ್ಲ, ಇನ್ನೊಂದಕ್ಕೆ ಉಂಟು.

ಇನ್ನು ಯಂತ್ರದ ಗುಣ. ಬುಲೆಟ್ಟಿನದು ನಾಲ್ಕು ಹೊಡೆತದ ಎಂಜಿನು, 346 ಸಿ.ಸಿ. ಅದರಲ್ಲಿ ಪಿಸ್ಟನ್ ಎರಡು ಬಾರಿ ಮೇಲಕ್ಕೆ, ಎರಡು ಬಾರಿ ಕೆಳಕ್ಕೆ ಓಡಾಡಿದರೆ ಒಮ್ಮೆ ಪೆಟ್ರೋಲು ಸಿಡಿಯುತ್ತದೆ. ಎರಡು ಸಿಡಿತಗಳ ನಡುವೆ ಬಿಡುವಿರುವುದರಿಂದಲೇ ಆ ಗಂಭೀರವಾದ ಡುಗುಡುಗು ನಾದ; ನಮ್ಮ ವ್ಯಾಕರಣದ ಅನುಕರಣಾವ್ಯಯಗಳಿಗೆ ಮದರಾಸು ಸಲ್ಲಿಸಿದ ಕಾಣಿಕೆ. ಜಾವಾ, ಯೆಜ್ಡಿಗಳದು ಎರಡು ಹೊಡೆತದ್ದು, 248 ಸಿ.ಸಿ.ಗೆ ಸ್ವಲ್ಪ ಹೆಚ್ಚು. ಪಿಸ್ಟನ್ ಒಮ್ಮೆ ಏರಿ ಇಳಿಯುವಷ್ಟರಲ್ಲಿ ಒಂದು ಸಿಡಿತ. ಆದ್ದರಿಂದ ಎಂಜಿನು ಚಿಕ್ಕದಾದರೂ ಎಳೆತ ಚುರುಕು. ಕವಾಟಗಳಿಲ್ಲ, ಬಿಡಿಭಾಗಗಳು ಕಡಿಮೆ. ರಸ್ತೆಯ ಬದಿಯಲ್ಲಿ ಗೋಣಿಚೀಲ ಹಾಸಿಕೊಂಡು ಬಿಚ್ಚಿ ಜೋಡಿಸಬಹುದು. ಆದರೆ ಇದಕ್ಕೆ ಪ್ರತ್ಯೇಕವಾದ ಎಣ್ಣೆಯ ಭಂಡಾರವಿಲ್ಲ. ಲೀಟರ್ ಪೆಟ್ರೋಲಿಗೆ ಮೂವತ್ತು ನಲವತ್ತು ಮಿಲಿಲೀಟರಿನಷ್ಟು ಎಣ್ಣೆಯನ್ನು ಬೆರೆಸಿಯೇ ತುಂಬಬೇಕು. ಆ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಉರಿದು, ಜೋಡಿ ಸೈಲೆನ್ಸರುಗಳ ಹಿಂದೆ ನೀಲಿಯ ಹೊಗೆಯಾಗಿ ಹೊರಬೀಳುತ್ತದೆ. ಹಿಂದೆ ಬರುವವರು ಶಪಿಸುತ್ತಾರೆ. ಕೆಲವರು ಮೂಗರಳಿಸಿ ಆಸ್ವಾದಿಸುವುದೂ ಉಂಟು.

ಜಾವಾದ ಒಂದು ಚಮತ್ಕಾರವನ್ನು ಹೇಳದೆ ಮುಂದೆ ಹೋಗಲಾರೆ. ಗಾಡಿಯನ್ನು ಚಾಲೂ ಮಾಡುವ ಕಿಕ್ಕರ್ರೂ ಗೇರು ಬದಲಿಸುವ ಪೆಡಲೂ ಒಂದೇ. ಅದನ್ನು ಒಳಕ್ಕೊತ್ತಿ ಮೇಲೆತ್ತಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರು. ಗೇರನ್ನು ಒತ್ತಿದಾಗ ಕ್ಲಚ್ಚೂ ತಾನಾಗಿ ಬಿಡುತ್ತದೆ. ಇದೆಲ್ಲ ಎಡಗಾಲಿನ ಕಡೆ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಒಂದರಲ್ಲಿ ಪಳಗಿದವನು ಇನ್ನೊಂದನ್ನೇರಿದರೆ, ಎದುರಿಗೆ ಹಸುವೊಂದು ಬಂದಾಗ ಬ್ರೇಕಿನ ಬದಲು ಗೇರನ್ನು ತುಳಿಯುತ್ತಾನೆ. ಎರಡನ್ನೂ ಮನೆಯಲ್ಲಿಟ್ಟುಕೊಂಡು ದಿನಕ್ಕೊಂದರಂತೆ ಓಡಿಸುತ್ತೇನೆನ್ನುವವರು ಇದನ್ನು ಮನಸ್ಸಿನಲ್ಲಿಟ್ಟಿರಬೇಕು.

ಇಷ್ಟನ್ನು ಪೀಠಿಕೆಯಾಗಿ ಹೇಳಬೇಕಾಗಿ ಬಂದದ್ದು ನನ್ನ ಸೋದರಳಿಯನಿಂದ. ಗುಂಡ್ಲುಪೇಟೆಗೆ ಸಮೀಪದ ಹಳ್ಳಿಯಲ್ಲಿ ಚೆಂಡುಹೂವು, ಸೂರ್ಯಕಾಂತಿ ಬೆಳೆಯುವ ಹುಡುಗ. ಹೊಲಕ್ಕೂ ಮಾರುಕಟ್ಟೆಗೂ ಓಡಾಡಲು ಟಿ.ವಿ.ಎಸ್. ಎಕ್ಸ್‌ಎಲ್ ಇದೆ. ಭಾವನವರು 1989ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್, ಅವರು ತೀರಿಕೊಂಡ ಮೇಲೆ ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿದೆ. ಹಳೆಯ ಗಾಡಿಗಳ ವ್ಯಾಪಾರಿಯೊಬ್ಬರು ಬೆಂಗಳೂರಿನಿಂದ ಬಂದು ನೋಡಿ, ಅಳಿಯನು ನಿರೀಕ್ಷಿಸದಷ್ಟು ಬೆಲೆ ಹೇಳಿದರು. ಅದಕ್ಕೆ ಈ ಸಲದ ಹೂವಿನ ಹಣದಲ್ಲಿ ಒಂದಿಷ್ಟು ಸೇರಿಸಿದರೆ ಚೆನ್ನಾಗಿರುವ ಬುಲೆಟ್ ಬರುತ್ತದೆ. “ಏನ್ ಮಾಡ್ಲಿ ಮಾವ?” ಎಂದು ಕೇಳಿದ.

ಇಂಥ ಸಂದರ್ಭದಲ್ಲಿ ತಾಯಿಯಾದವಳು ಗಂಡನ ನೆನಪನ್ನು ಮಾರಬೇಡವೆಂದು ಕಣ್ಣೀರು ತಂದುಕೊಳ್ಳುವುದು ಕಾದಂಬರಿಯ ಕ್ರಮ. ನಮ್ಮಕ್ಕ ಕಾದಂಬರಿ ಓದುತ್ತಾಳಾದರೂ ಅದರಂತೆ ನಡೆಯುವವಳಲ್ಲ. “ಮಾರ್ಬಿಡ್ಲಿ ಕಣೋ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದ್ರೆ ಸೀರೆಯೆಲ್ಲ ಸೀಮೆಎಣ್ಣೆ ಸ್ಟೌವಿನ ವಾಸನೆ. ನಿಮ್ಮ ಭಾವನಿಗೆ ಹೇಳಿದ್ರೆ ಅದೇ ಗಾಡಿಯ ಸುಗಂಧ ಅನ್ನೋರು” ಎಂದಳು. ಬುಲೆಟ್ಟಿನ ಹಿಂದಿನ ಸೀಟು ಅಗಲವಾದದ್ದು, ಮೈಸೂರಿನ ಆಸ್ಪತ್ರೆಗೆ ಹೋಗಿ ಬರಲು ಅನುಕೂಲವೆಂಬುದು ಅವಳ ಮತ. ಅರವತ್ತು ಕಿಲೋಮೀಟರನ್ನು ಯಾವ ಮೋಟಾರ್ ಸೈಕಲ್ಲಿನ ಹಿಂದೆಯೂ ಕೂರದೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೋಗುವುದೇ ಸೊಂಟಕ್ಕೆ ಹಿತವೆಂದು ನಾನು ಹೇಳಿದೆ.

ಹುಡುಗನ ಮನಸ್ಸಿನಲ್ಲಿದ್ದದ್ದು ಮಾತ್ರ ಬೇರೊಂದು ರಸ್ತೆ. ಗುಂಡ್ಲುಪೇಟೆಯಿಂದ ಹೊರಟು ಹಂಗಳವನ್ನು ದಾಟಿ, ಬಂಡೀಪುರ, ಮುದುಮಲೆಗಳ ಮೂಲಕ ನೀಲಗಿರಿಗೆ ಏರುವ ರಸ್ತೆ. ಪಟ್ಟಕ್ಕೆ ಬರುವ ಮೊದಲು ಚಿಕದೇವರಾಜ ಒಡೆಯರು ಕಣ್ಗಾವಲಿನಲ್ಲಿ ದಿನ ಕಳೆದದ್ದು ಈ ಹಂಗಳದಲ್ಲಿ. ಆ ರಸ್ತೆಯಲ್ಲಿ ವೇಗವಾಗಿ ಹೋಗುವವರಾರಿಗೂ ಅದು ಕಾಣುವುದಿಲ್ಲ. ವೇಗವಾಗಿ ಹೋಗುವುದಕ್ಕೂ ಈಗ ಆಸ್ಪದವಿಲ್ಲವೆನ್ನಿ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಕಾಡಿನ ರಸ್ತೆ ಮುಚ್ಚಿರುತ್ತದೆ. ಹಗಲಿನಲ್ಲಿಯೂ ಹೆಜ್ಜೆಹೆಜ್ಜೆಗೆ ಉಬ್ಬುಗಳು. ಇದನ್ನು ಬೈಯುವ ಪ್ರವಾಸಿಗಳನ್ನು ಕಂಡಿದ್ದೇನೆ. ಜಿಂಕೆಗಳಿಗೆ ಬೇರೆ ದಾರಿ ಇಲ್ಲ, ನಮಗೆ ಬೇಕಾದಷ್ಟಿವೆ. ನನ್ನ ಮತ ಉಬ್ಬುಗಳಿಗೆ. ಮೂವತ್ತು ನಲವತ್ತರ ವೇಗದಲ್ಲಿ ಆ ಕಾಡಿನಲ್ಲಿ ಸಾಗಲು ಬುಲೆಟ್ಟಿನಷ್ಟು ಹೊಂದುವ ಗಾಡಿ ಇನ್ನೊಂದಿಲ್ಲವೆಂದು ಒಪ್ಪಲೇಬೇಕು. ಅದು ನಿಧಾನದಲ್ಲಿಯೇ ಸುಖಿ. ಯೆಜ್ಡಿ ಅಂಥ ನಡಿಗೆಯಲ್ಲಿ ಮುನಿಸಿಕೊಂಡು ತಡವರಿಸುತ್ತದೆ. ಆದರೆ ತೆಪ್ಪಕಾಡು, ಮಸಿನಗುಡಿಗಳನ್ನು ದಾಟಿ ಕಲ್ಲಟ್ಟಿ ಘಟ್ಟದ ಮೂವತ್ತಾರು ತಿರುವುಗಳು ಎದುರಾದಾಗ ಪಾತ್ರಗಳು ಅದಲುಬದಲಾಗುತ್ತವೆ. ಅಲ್ಲಿ ಬುಲೆಟ್ ಭಾರ ಹೊತ್ತ ಎತ್ತಿನಂತೆ ನಿಟ್ಟುಸಿರಿಡುತ್ತದೆ. ಹಗುರವಾದ ರೋಡ್‌ಕಿಂಗ್ ಆಡಿನ ಮರಿ.

ಏರಿದ್ದನ್ನು ಇಳಿಯಬೇಕಲ್ಲವೆ? ಪ್ರಾಣದ ಮಾತು ಇರುವುದು ಇಲ್ಲಿ. ನಾಲ್ಕು ಹೊಡೆತದ ಗಾಡಿಯನ್ನು ಎರಡನೆಯ ಗೇರಿನಲ್ಲಿಟ್ಟು ಪೆಟ್ರೋಲು ತಗ್ಗಿಸಿದರೆ ಎಂಜಿನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಬ್ರೇಕಿನ ಶ್ರಮ ಉಳಿಯುತ್ತದೆ. ಎರಡು ಹೊಡೆತದ ಗಾಡಿಯಲ್ಲಿ ಈ ಹಿಡಿತ ಬಹಳ ಕಡಿಮೆ. ಅಷ್ಟೇ ಅಲ್ಲ, ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ ಆದ್ದರಿಂದ, ಉದ್ದನೆಯ ಇಳಿಜಾರಿನಲ್ಲಿ ಪೆಟ್ರೋಲನ್ನು ಮುಚ್ಚಿಕೊಂಡೇ ಬಂದರೆ ಒಳಗೆ ಎಣ್ಣೆ ಸಾಲದೆ ಪಿಸ್ಟನ್ ಕಾದು ಕಚ್ಚಿಕೊಳ್ಳಬಹುದು. ಹಿಂದಿನ ಚಕ್ರ ಥಟ್ಟನೆ ನಿಂತರೆ ಸವಾರನ ಗತಿ ದೇವರೇ ಬಲ್ಲ. ಆದುದರಿಂದ ಉದಕಮಂಡಲದಿಂದ ಗೂಡಲೂರಿನ ಕಡೆಗೆ ಇಳಿಯುವಾಗ ಯೆಜ್ಡಿಯ ಸವಾರನು ಆಗಾಗ ಪೆಟ್ರೋಲನ್ನು ಒಂದಿಷ್ಟು ತಿರುವಿಕೊಡುತ್ತಿರಬೇಕು, ನಡುನಡುವೆ ನಿಂತು ಬ್ರೇಕನ್ನು ಆರಿಸಿಕೊಳ್ಳಬೇಕು. ಹಳೆಯ ಗಾಡಿಗಳಲ್ಲಿರುವುದು ಡ್ರಮ್ ಬ್ರೇಕು. ಕಾದರೆ ಅದು ಕೇವಲ ಅಲಂಕಾರ. ಇದನ್ನು ವಿವರಿಸಿದಾಗ ಹುಡುಗನ ಮುಖ ಕೊಂಚ ಬಾಡಿತು. “ಹಾಗಾದ್ರೆ ಬುಲೆಟ್ಟೇ ಸರಿ ಅನ್ನಿ ಮಾವ” ಎಂದ.

ನಾನು ಹಾಗೆನ್ನಲಿಲ್ಲ. ಪ್ರತಿದಿನವೂ ಓಡಿಸಬೇಕಾದವನಿಗೆ, ಸ್ಪ್ಯಾನರ್ ಹಿಡಿಯಲು ಬೇಸರಪಡುವವನಿಗೆ, ಹೆಂಡತಿಯನ್ನೋ ತಾಯಿಯನ್ನೋ ಕೂರಿಸಿಕೊಂಡು ಹೋಗುವವನಿಗೆ ಬುಲೆಟ್ಟೇ ಸರಿ. ಇದರಲ್ಲಿ ಎರಡು ಮಾತಿಲ್ಲ. ಆದರೆ ಇವನು ದಿನವೂ ಓಡಿಸಬೇಕಾದದ್ದು ಎಕ್ಸ್‌ಎಲ್‌ನ್ನು. ಬುಲೆಟ್ಟನ್ನು ಮುಂದಿನ ವರ್ಷ ಕೊಳ್ಳಬಹುದು, ಹತ್ತು ವರ್ಷದ ಮೇಲೂ ಕೊಳ್ಳಬಹುದು. ಕಾರ್ಖಾನೆ ನಡೆಯುತ್ತಿದೆ, ಬಿಡಿಭಾಗ ಪೇಟೆಯಲ್ಲಿ ಸಿಕ್ಕುತ್ತದೆ. ರೋಡ್‌ಕಿಂಗನ್ನು ಒಮ್ಮೆ ಕೊಟ್ಟರೆ ಅಷ್ಟೇ. ಯೆಜ್ಡಿಯ ಹೆಸರು 2022ರಲ್ಲಿ ಮರಳಿ ಬಂದಿತಲ್ಲ, ಅದರಲ್ಲಿ ರೋಡ್‌ಸ್ಟರ್ ಎಂಬ ಮಾದರಿಯೇ ಇದೆಯಲ್ಲ ಎಂದು ಅವನು ವಾದಿಸಿದ. ನಿಜ, ಗಾಡಿ ಸೊಗಸಾಗಿದೆ. ಆದರೆ ಅದು 334 ಸಿ.ಸಿ.ಯ, ನಾಲ್ಕು ಹೊಡೆತದ, ನೀರಿನಿಂದ ತಂಪಾಗುವ ಎಂಜಿನಿನದು. ಕಟ್ಟಿದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅಜ್ಜನ ಹೆಸರಿಟ್ಟ ಮಾತ್ರಕ್ಕೆ ಮೊಮ್ಮಗ ಅಜ್ಜನಾಗುವುದಿಲ್ಲ.

ವ್ಯಾಪಾರಿಯ ಬೆಲೆಯ ವಿಷಯದಲ್ಲೂ ಯೋಚನೆ ಬೇಕು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಪ್ರಿಯರು ಹಬ್ಬದಂತೆ ಸೇರುವುದನ್ನು ನೋಡಿದವರಿಗೆ, ಈ ಗಾಡಿಗಳ ಬೆಲೆ ಇಳಿಯುವ ಲಕ್ಷಣ ಕಾಣುವುದಿಲ್ಲ. ಕೊಳ್ಳುವವರು ಇಷ್ಟು ಆತುರಪಡುವಾಗ ಮಾರುವವನು ಆತುರಪಡುವುದೇಕೆ?

ಅದಕ್ಕೂ ಮೊದಲು ಕಾಗದಪತ್ರಗಳು. ಭಾವನವರು ಗಾಡಿ ಕೊಂಡಾಗ ಚಾಮರಾಜನಗರ ಜಿಲ್ಲೆಯೇ ಹುಟ್ಟಿರಲಿಲ್ಲ. ಅದು ಆದದ್ದು 1997ರಲ್ಲಿ. ದಾಖಲೆಯೆಲ್ಲ ಮೈಸೂರಿನದು, ಅದೂ ಸತ್ತವರ ಹೆಸರಿನಲ್ಲಿ. ವಾರಸುದಾರನು 31ನೆಯ ನಮೂನೆಯಲ್ಲಿ ಅರ್ಜಿ ಹಾಕಿ ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಮಾರುವುದೂ ಸರಿಯಲ್ಲ, ಓಡಿಸುವುದೂ ಸರಿಯಲ್ಲ. ಹದಿನೈದು ವರ್ಷ ಕಳೆದ ಗಾಡಿಯಾದ್ದರಿಂದ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಪ್ಪಿಸಿ ನೋಂದಣಿಯನ್ನು ನವೀಕರಿಸಬೇಕು. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ವಾಹನಗಳಿಗೆ ಪಾರಂಪರಿಕವೆಂಬ ಬೇರೆಯ ನೋಂದಣಿ ಉಂಟು. ಆದರೆ ಅಂಥದನ್ನು ದಿನಬಳಕೆಗೆ ಓಡಿಸುವಂತಿಲ್ಲ. ನಮ್ಮ ರೋಡ್‌ಕಿಂಗಿಗೆ ಆ ಗೌರವ ದೊರೆಯುವುದು 2039ಕ್ಕೆ. ಆಗ ನಾನು ನಿವೃತ್ತಿಯ ಅಂಚಿನಲ್ಲಿರುತ್ತೇನೆ.

ಹಳೆಯ ಯೆಜ್ಡಿಯನ್ನು ಕೊಳ್ಳಲು ಹೊರಟ ವಾಚಕರಿದ್ದರೆ ಅವರಿಗೊಂದು ಮಾತು. ಬಣ್ಣಕ್ಕೆ ಮರುಳಾಗಬೇಡಿ. ಚಾಸಿಯ ಮೇಲಿನ ಸಂಖ್ಯೆಯನ್ನೂ ಎಂಜಿನಿನ ಸಂಖ್ಯೆಯನ್ನೂ ದಾಖಲೆಯೊಡನೆ ತಾಳೆ ನೋಡಿ. ಎಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿಸಿ. ಮೊದಲೇ ಬಿಸಿಮಾಡಿ ನಿಲ್ಲಿಸಿದ್ದರೆ ಅನುಮಾನಪಡಿ. ಹೊಗೆ ನೀಲಿಯಾಗಿದ್ದರೆ ಚಿಂತೆಯಿಲ್ಲ, ಅದು ಅದರ ಜಾತಿಧರ್ಮ. ಆದರೆ ಒಳಗೆ ಬೇರಿಂಗಿನ ಗೊರಗೊರ ಸದ್ದು ಕೇಳಿಸಿದರೆ ಬೆಲೆಯನ್ನು ತಗ್ಗಿಸಿ, ಇಲ್ಲವೆ ನಮಸ್ಕಾರ ಹೇಳಿ ಬನ್ನಿ. ಎಲ್ಲಕ್ಕಿಂತ ಮಿಗಿಲಾಗಿ, ಆ ಎಂಜಿನನ್ನು ಬಿಚ್ಚಿ ಬಲ್ಲ ಮೇಸ್ತ್ರಿ ನಿಮ್ಮೂರಿಗೆ ಎಷ್ಟು ದೂರದಲ್ಲಿದ್ದಾನೆಂಬುದನ್ನು ಮೊದಲು ವಿಚಾರಿಸಿಕೊಳ್ಳಿ. ಅಂಥವರು ಈಗ ಎಲ್ಲರೂ ವಯಸ್ಸಾದವರು. ಅವರ ಮಕ್ಕಳು ಹೊಸ ಗಾಡಿಗಳ ಷೋರೂಮುಗಳಲ್ಲಿ ಕೆಲಸಕ್ಕಿದ್ದಾರೆ.

ಅಳಿಯನು ವ್ಯಾಪಾರಿಗೆ ದೀಪಾವಳಿಯವರೆಗೆ ಕಾಯುವಂತೆ ಹೇಳಿಕಳುಹಿಸಿದ್ದಾನೆ. ಟಾರ್ಪಾಲು ತೆಗೆದದ್ದಾಗಿದೆ. ಪೆಟ್ರೋಲು ಟ್ಯಾಂಕಿನ ತುಕ್ಕು ತೊಳೆಸಿ, ಕಾರ್ಬುರೇಟರನ್ನು ಮೈಸೂರಿಗೆ ಕಳುಹಿಸಿದ್ದಾನೆ. ಕ್ಲಚ್ಚಿನ ಬೆಂಡುಗಳು ಪೂರ್ತಿ ಸವೆದಿವೆಯಂತೆ. ಅದಕ್ಕೆ ಬೇಕಾದ ಹಣವನ್ನು ಬುಲೆಟ್ಟಿಗೆಂದು ಎತ್ತಿಟ್ಟಿದ್ದ ಹೂವಿನ ದುಡ್ಡಿನಿಂದಲೇ ತೆಗೆದನೆಂದು ಅಕ್ಕ ದೂರಿದಳು.