ಕೊಲೆಸ್ಟ್ರಾಲ್, ರಕ್ತದೊತ್ತಡ ಮತ್ತು ಅಪಧಮನಿಯ ಗೋಡೆ

ಕೊಲೆಸ್ಟ್ರಾಲ್ ಹೆಚ್ಚಿರುವವರಲ್ಲಿ ಅನೇಕರಿಗೆ ರಕ್ತದೊತ್ತಡವೂ ಹೆಚ್ಚಿರುತ್ತದೆ. ಹಾಗೆಂದು ಒಂದು ಇನ್ನೊಂದಕ್ಕೆ ನೇರ ಕಾರಣ ಎನ್ನುವಂತಿಲ್ಲ. ಕೊಲೆಸ್ಟ್ರಾಲ್ ವಿಪರೀತ ಏರಿದ್ದರೂ ಬಿಪಿ ಸರಿಯಾಗಿರುವವರಿದ್ದಾರೆ; ವರ್ಷಗಟ್ಟಲೆ ಬಿಪಿ ಮಾತ್ರೆ ನುಂಗುತ್ತಿದ್ದರೂ ಕೊಲೆಸ್ಟ್ರಾಲ್ ಮಿತಿಯಲ್ಲೇ ಇರುವವರೂ ಇದ್ದಾರೆ. ಬೊಜ್ಜು, ಮೈಗೆ ದಣಿವಿಲ್ಲದ ದಿನಚರಿ ಎರಡನ್ನೂ ಕೆಡಿಸುವುದರಿಂದ ಇವು ಜೊತೆಜೊತೆಯಾಗಿ ಕಾಣಿಸಿಕೊಳ್ಳುತ್ತವೆ. ಆದರೆ ಎರಡೂ ಕೂಡಿ ಹಾನಿ ಮಾಡುವ ಜಾಗ ಒಂದೇ, ಅಪಧಮನಿಯ ಗೋಡೆ.

ಕೊಲೆಸ್ಟ್ರಾಲ್ ನೀರಿನಲ್ಲಿ ಕರಗದು. ರಕ್ತದಲ್ಲಿ ಅದನ್ನು ಹೊತ್ತು ತಿರುಗುವುದು ಎಲ್‌ಡಿಎಲ್‌ನಂಥ ಸೂಕ್ಷ್ಮ ಕಣಗಳು. ಅಪಧಮನಿಯ ಒಳಮೈಯನ್ನು ಒಂದೇ ಜೀವಕೋಶದಷ್ಟು ದಪ್ಪದ ಎಂಡೋಥೀಲಿಯಂ ಪದರ ಕಾಯುತ್ತದೆ. ಎಲ್‌ಡಿಎಲ್ ಕಣಗಳು ಅದನ್ನು ದಾಟಿ ಗೋಡೆಯೊಳಗೆ ಸಿಕ್ಕಿಬಿದ್ದರೆ ಅಲ್ಲಿ ಉರಿಯೂತ ಶುರುವಾಗುತ್ತದೆ. ಬಿಳಿ ರಕ್ತಕಣಗಳು ಬಂದು ಆ ಕೊಬ್ಬನ್ನು ನುಂಗಿ ಉಬ್ಬುತ್ತವೆ, ಅಲ್ಲೇ ಸಾಯುತ್ತವೆ. ಹೀಗೆ ಬೆಳೆಯುವ ಕೊಬ್ಬಿನ ದಿಣ್ಣೆಯೇ ಪ್ಲಾಕ್. ರಕ್ತದೊತ್ತಡ ಏರಿದಷ್ಟೂ ಎಂಡೋಥೀಲಿಯಂ ಹಾಳಾಗುತ್ತದೆ, ಒಳಗೆ ನುಗ್ಗುವ ಎಲ್‌ಡಿಎಲ್ ಹೆಚ್ಚುತ್ತದೆ.

ಒತ್ತಡದ ಈ ಪಾತ್ರಕ್ಕೆ ದೇಹದಲ್ಲೇ ಪುರಾವೆ ಇದೆ. ಅಭಿಧಮನಿಗಳಲ್ಲಿ ಹರಿಯುವ ರಕ್ತದಲ್ಲೂ ಅಷ್ಟೇ ಕೊಲೆಸ್ಟ್ರಾಲ್ ಇರುತ್ತದೆ. ಆದರೂ ಅಲ್ಲಿ ಪ್ಲಾಕ್ ಕಟ್ಟುವುದಿಲ್ಲ. ಅಲ್ಲಿನ ಒತ್ತಡ ತೀರಾ ಕಡಿಮೆ. ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಕಾಲಿನ ಅದೇ ಅಭಿಧಮನಿಯ ತುಂಡನ್ನು ಹೃದಯಕ್ಕೆ ಹೊಲಿದಾಗ ಅದು ಅಪಧಮನಿಯ ಒತ್ತಡವನ್ನು ತಡೆದುಕೊಳ್ಳಬೇಕಾಗುತ್ತದೆ, ಕೆಲವು ವರ್ಷಗಳಲ್ಲಿ ಅದರಲ್ಲೂ ಪ್ಲಾಕ್ ಬೆಳೆಯಬಹುದು. ಶ್ವಾಸಕೋಶದ ಅಪಧಮನಿಯ ಕಥೆಯೂ ಇಂಥದೇ. ಹೃದಯ ಮಿಡಿದಾಗ ತೋಳಿನಲ್ಲಿ 120 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಅಲ್ಲಿ 25ರ ಆಸುಪಾಸು. ಆ ಒತ್ತಡ ದೀರ್ಘಕಾಲ ಏರಿಯೇ ಇರುವ ರೋಗಿಗಳಲ್ಲಿ ಮಾತ್ರ ಅಲ್ಲಿ ಪ್ಲಾಕ್ ಎದ್ದು ಕಾಣುತ್ತದೆ. ಕೊಲೆಸ್ಟ್ರಾಲ್ ಸರಕಾದರೆ ಅದನ್ನು ಗೋಡೆಯೊಳಕ್ಕೆ ದೂಡುವುದು ಒತ್ತಡ.

ಉಲ್ಟಾ ದಿಕ್ಕಿನ ನಂಟು, ಅಂದರೆ ಕೊಲೆಸ್ಟ್ರಾಲ್ ಬಿಪಿಯನ್ನು ಏರಿಸುವುದು, ಇಷ್ಟು ಗಟ್ಟಿಯಲ್ಲ, ಆದರೆ ಇಲ್ಲದೆಯೂ ಇಲ್ಲ. ರಕ್ತನಾಳಗಳು ಸಡಿಲಗೊಳ್ಳಲು ಎಂಡೋಥೀಲಿಯಂ ಉತ್ಪಾದಿಸುವ ನೈಟ್ರಿಕ್ ಆಕ್ಸೈಡ್ ಬೇಕು. ಈ ಅನಿಲದ ಪಾತ್ರವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರ ನೊಬೆಲ್ ಪ್ರಶಸ್ತಿ ಸಂದಿತು. ಎಲ್‌ಡಿಎಲ್ ಹೆಚ್ಚಿದರೆ ನೈಟ್ರಿಕ್ ಆಕ್ಸೈಡ್‌ನ ಲಭ್ಯತೆ ಕುಗ್ಗುತ್ತದೆ. ಇನ್ನೂ ಸ್ಪಷ್ಟವಾದ ಉದಾಹರಣೆ ಮೂತ್ರಪಿಂಡದ ಅಪಧಮನಿ. ಪ್ಲಾಕ್‌ನಿಂದ ಅದು ಕಿರಿದಾದರೆ ಮೂತ್ರಪಿಂಡ ರಕ್ತ ಸಾಲದೆಂದು ತಿಳಿದು ರೆನಿನ್ ಎಂಬ ಕಿಣ್ವವನ್ನು ಸುರಿಸುತ್ತದೆ, ಅದರಿಂದ ಇಡೀ ದೇಹದ ರಕ್ತದೊತ್ತಡ ಏರುತ್ತದೆ. ನಾಯಿಗಳ ಈ ಅಪಧಮನಿಗೆ ಕ್ಲಿಪ್ ಹಾಕಿ ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲೇ ಒತ್ತಡ ಹೀಗೆ ಏರುವುದನ್ನು ತೋರಿಸಿದ್ದರು. ಇಷ್ಟಾದರೂ ಕೊಲೆಸ್ಟ್ರಾಲ್ ತಗ್ಗಿಸುವ ಸ್ಟಾಟಿನ್ ಮಾತ್ರೆಯಿಂದ ಬಿಪಿ ಇಳಿಯುವುದು ಸರಾಸರಿ ಎರಡು ಮೂರು ಮಿಲಿಮೀಟರ್ ಮಾತ್ರ. ಬಿಪಿ ಮಾತ್ರೆಯ ಬದಲಿಗೆ ಅದನ್ನು ನೆಚ್ಚಲಾಗದು.

ಎರಡೂ ಬಗೆಯ ಚಿಕಿತ್ಸೆ ಒಟ್ಟಾದಾಗ ಸಿಗುವ ಫಲ 2003ರಲ್ಲಿ ಪ್ರಕಟವಾದ ಆಸ್ಕಾಟ್ ಅಧ್ಯಯನದಲ್ಲಿ ಕಾಣುತ್ತದೆ. ಬ್ರಿಟನ್, ಐರ್ಲೆಂಡ್ ಮತ್ತು ನಾರ್ಡಿಕ್ ದೇಶಗಳ 10,305 ಅಧಿಕ ರಕ್ತದೊತ್ತಡದ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಬಿಪಿ ಮಾತ್ರೆಯ ಜೊತೆ 10 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ಕೊಡಲಾಯಿತು, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ. ಯಾರ ಕೊಲೆಸ್ಟ್ರಾಲ್ ಮಟ್ಟವೂ ವಿಪರೀತವಾಗಿರಲಿಲ್ಲ, ಎರಡೂ ಗುಂಪುಗಳಲ್ಲಿ ಬಿಪಿ ಹೆಚ್ಚುಕಡಿಮೆ ಒಂದೇ ಹಿಡಿತದಲ್ಲಿತ್ತು. ಸ್ಟಾಟಿನ್ ಪಡೆದವರಲ್ಲಿ ಹೃದಯಾಘಾತ ಮತ್ತು ಹೃದಯದ ರಕ್ತನಾಳದ ಕಾಯಿಲೆಯಿಂದಾದ ಸಾವು ಶೇ 36ರಷ್ಟು ಕಡಿಮೆಯಾದವು. ಫಲ ಅಷ್ಟು ಸ್ಪಷ್ಟವಾಗಿದ್ದರಿಂದ ಐದು ವರ್ಷ ನಡೆಯಬೇಕಿದ್ದ ಅಧ್ಯಯನದ ಈ ಭಾಗವನ್ನು ಸುಮಾರು ಮೂರೂಕಾಲು ವರ್ಷಕ್ಕೇ ನಿಲ್ಲಿಸಲಾಯಿತು.