ಹಗಲುಗನಸಿನ ಕಸುಬು

ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಅಚ್ಚಾದದ್ದು 1937ರಲ್ಲಿ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಅದಕ್ಕೂ ಏಳು ವರ್ಷ ಮೊದಲೇ ಬಂದಿತ್ತು. ನಡುವೆ 1933ರಲ್ಲಿ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’. ಸ್ವಾತಂತ್ರ್ಯದ ಹೋರಾಟಕ್ಕೆ ಇಳಿದವರಿಂದ ಜೈಲುಗಳು ತುಂಬುತ್ತಿದ್ದ ಕಾಲ ಅದು. ಆಗ ಕನ್ನಡದ ಮೂವರು ಒಳ್ಳೆಯ ಲೇಖಕರು ಹಳ್ಳಿಯ ಬದುಕು, ಮಲೆನಾಡಿನ ಕಾಡು, ಮನಸ್ಸಿನ ಅಲೆದಾಟ ಇಂಥವನ್ನು ಹಿಡಿದು ಗದ್ಯ ಬರೆಯುತ್ತಿದ್ದರು. ವಿಮರ್ಶಕರು ಈ ಬಗೆಯ ಬರಹವನ್ನು ಲಲಿತ ಪ್ರಬಂಧ ಎಂದರು, ಓದುಗರು ಹರಟೆ ಎಂದರು. ಎರಡು ಹೆಸರಿನಲ್ಲೂ ಪ್ರೀತಿಯಿದೆ, ಜೊತೆಗೆ ತುಸು ಉಪೇಕ್ಷೆಯೂ ಇದೆ. ಕಾದಂಬರಿ ಬರೆಯುವವನದು ಕೆಲಸ, ಸಂಜೆಯ ಅಡ್ಡಾಟದ ಬಗ್ಗೆ ಬರೆಯುವವನದು ಹೊತ್ತು ಕಳೆಯುವ ಚಟ ಎನ್ನುವ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದನ್ನು ಪ್ರಶ್ನಿಸಬೇಕಾಗಿದೆ. ದಿನದ ಸಣ್ಣಪುಟ್ಟ ಸುಖಗಳು ಬರೆಯುವವರ ಬಿಡುವಿನ ವೇಳೆಗೆ ಸೇರಿದವು ಎಂದು ನಾವು ಅಂದುಕೊಂಡಿದ್ದೇವೆ. ನಿಜಕ್ಕೂ ಅವು ಅವರ ಕೆಲಸದ ವೇಳೆಗೆ ಸೇರಿದವು.

ಅಡ್ಡಾಟವನ್ನೇ ತೆಗೆದುಕೊಳ್ಳಿ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಕುವೆಂಪು ಅವರ ನಿತ್ಯದ ಹಾದಿಯಾಗಿತ್ತು. ಅದೇ ಕೆರೆ, ಅದೇ ಏರಿ, ಅದೇ ಚಾಮುಂಡಿ ಬೆಟ್ಟ. ಒಮ್ಮೆ ಬಂದು ಹೋಗುವ ಪ್ರವಾಸಿ ಅಲ್ಲಿ ಒಂದು ಕೆರೆಯನ್ನು ನೋಡುತ್ತಾನೆ, ಚೆನ್ನಾಗಿದೆ ಎಂದುಕೊಂಡು ಹೋಗುತ್ತಾನೆ. ದಿನವೂ ಬರುವವನಿಗೆ ಕಾಣುವುದು ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ. ನೀರು ಎಷ್ಟು ಇಳಿದಿದೆ, ಯಾವ ಹಕ್ಕಿ ಈ ವಾರ ಬಂದಿಲ್ಲ, ಬೆಳಕು ಯಾವ ಮೂಲೆಗೆ ಸರಿದಿದೆ ಎನ್ನುವುದೆಲ್ಲ ಹಾದಿ ಹಳೆಯದಾದಮೇಲೆಯೇ ಕಣ್ಣಿಗೆ ಬೀಳುತ್ತದೆ. ಬೇಸರ ತರಿಸಬೇಕಾದ ಪುನರಾವರ್ತನೆಯೇ ಇಲ್ಲಿ ಕಣ್ಣನ್ನು ಹರಿತ ಮಾಡುತ್ತದೆ. ಸಂಗೀತಗಾರ ದಿನವೂ ಶ್ರುತಿ ಹಿಡಿದು ಕೂತರೆ ಅದನ್ನು ಸಾಧನೆ ಎನ್ನುತ್ತೇವೆ. ಬರಹಗಾರ ದಿನವೂ ಕೆರೆಯ ಏರಿಯ ಮೇಲೆ ನಡೆದರೆ ವಾಯುವಿಹಾರ ಎನ್ನುತ್ತೇವೆ.

ಸುಖ ಎಂಬ ಮಾತನ್ನೂ ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಕಾಫಿಯನ್ನು ಹೊಗಳುವ ಪ್ರಬಂಧಗಳ ಕಾಟ ಕನ್ನಡದಲ್ಲಿ ಬೇಕಾದಷ್ಟಿದೆ. ಅವುಗಳಲ್ಲಿ ಹೆಚ್ಚಿನವು ಓದಿದ ಸಂಜೆಗೇ ಮರೆತುಹೋಗುತ್ತವೆ, ಏಕೆಂದರೆ ಅವು ಕಾಫಿ ಚೆನ್ನಾಗಿದೆ ಎಂಬಲ್ಲಿಗೆ ನಿಲ್ಲುತ್ತವೆ. ಕುಡಿಯುವವರಿಗೆ ಅದು ಮೊದಲೇ ಗೊತ್ತು. ಒಳ್ಳೆಯ ಪ್ರಬಂಧಕಾರ ಸುಖವನ್ನು ವರ್ಣಿಸುವುದಕ್ಕಿಂತ ವಿಚಾರಿಸುತ್ತಾನೆ. ಇದು ನನಗೇಕೆ ಹಿಡಿಸಿತು? ಇವತ್ತು ಹಿಡಿಸಿದ್ದು ನಿನ್ನೆ ಏಕೆ ಹಿಡಿಸಲಿಲ್ಲ? ಇದರ ಹಿಂದೆ ಯಾರ ಶ್ರಮವಿದೆ, ಎಷ್ಟು ಅಭ್ಯಾಸಬಲ, ಎಷ್ಟು ಜಂಬ? ಈ ಪ್ರಶ್ನೆಗಳು ಬಂದ ಕೂಡಲೇ ಲೋಟದೊಳಗಿನ ಕಾಫಿ ನೆಪವಾಗಿ, ಮನಸ್ಸು ವಿಷಯವಾಗುತ್ತದೆ. ಫ್ರಾನ್ಸಿನ ಮಾಂಟೇನ್ 1580ರಲ್ಲಿ ತನ್ನ ಪ್ರಬಂಧಗಳನ್ನು ಪ್ರಕಟಿಸಿದಾಗ ಆ ಬಗೆಯ ಬರಹಕ್ಕೆ ಇಟ್ಟ ಫ್ರೆಂಚ್ ಹೆಸರಿಗೆ ಪ್ರಯತ್ನ, ಪರೀಕ್ಷೆ ಎಂಬ ಅರ್ಥಗಳಿವೆ. ಆತ ಪರೀಕ್ಷೆಗೆ ಒಡ್ಡಿದ್ದು ತನ್ನನ್ನೇ, ತನ್ನ ಊಟ, ನಿದ್ದೆ, ಭಯಗಳನ್ನೇ. ದೊಡ್ಡ ಘಟನೆಗಳಲ್ಲಿ ಮನುಷ್ಯ ತಾನು ಹೇಗೆ ಕಾಣಬೇಕೋ ಹಾಗೆ ನಡೆದುಕೊಳ್ಳುತ್ತಾನೆ. ಊಟದ ಎಲೆಯ ಮುಂದೆ ಆ ಎಚ್ಚರ ತಪ್ಪುತ್ತದೆ. ಮನಸ್ಸನ್ನು ಹಿಡಿಯಲು ಹೊರಟವನಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಇದಕ್ಕೆ ಮೊದಲ ಆಕ್ಷೇಪ, ಇದೆಲ್ಲ ಕಾಲದ ಕಷ್ಟದಿಂದ ತಪ್ಪಿಸಿಕೊಳ್ಳುವ ದಾರಿ ಎನ್ನುವುದು. ಈ ಮಾತಿಗೆ ಇಂಗ್ಲಿಷಿನ ಚಾರ್ಲ್ಸ್ ಲ್ಯಾಂಬ್ ಒಳ್ಳೆಯ ಉತ್ತರ. ಆತ 1792ರಿಂದ 1825ರವರೆಗೆ, 33 ವರ್ಷ, ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು. 1796ರಲ್ಲಿ ಅವನ ಅಕ್ಕ ಮೇರಿ ಬುದ್ಧಿಭ್ರಮಣೆಯ ಆವೇಶದಲ್ಲಿ ತಾಯಿಯನ್ನೇ ಇರಿದು ಕೊಂದಳು. ಲ್ಯಾಂಬ್ ಮದುವೆಯಾಗದೆ, ಮತ್ತೆಮತ್ತೆ ಕಾಯಿಲೆ ಮರುಕಳಿಸುತ್ತಿದ್ದ ಆ ಅಕ್ಕನನ್ನು ಜೀವನವಿಡೀ ನೋಡಿಕೊಂಡ. ಎಲಿಯಾ ಎಂಬ ಹೆಸರಿನಲ್ಲಿ ಹಂದಿಮರಿಯ ಹುರಿದ ಮಾಂಸದ ರುಚಿಯನ್ನೂ ಹಳೆಯ ಪಿಂಗಾಣಿ ಬಟ್ಟಲುಗಳನ್ನೂ ಕುರಿತು ಬರೆದ ಕೈ ಇದೇ. ಇದನ್ನು ಪಲಾಯನ ಎನ್ನುವವರು ಆತ ಯಾವುದರಿಂದ ಓಡಿಹೋದ ಎಂದೂ ಹೇಳಬೇಕು. ಕಚೇರಿಗೆ ತಪ್ಪಿಸಲಿಲ್ಲ, ಅಕ್ಕನನ್ನು ಬಿಡಲಿಲ್ಲ. ಬದುಕು ಬಿಟ್ಟುಕೊಟ್ಟ ಕೈಯಗಲ ಜಾಗದಲ್ಲಿ ಸಂತೋಷಕ್ಕೆ ಎಷ್ಟು ಬೆಲೆ ಎಂದು ಲೆಕ್ಕ ಹಾಕಿದ, ಅಷ್ಟೆ. ಗುಮಾಸ್ತನಿಗೆ ಲೆಕ್ಕ ಬರುತ್ತಿತ್ತು.

ನಮ್ಮ ಗೊರೂರರದ್ದೂ ಬಿಡುವಿನ ಬದುಕಲ್ಲ. ಓದು ಬಿಟ್ಟು ಗಾಂಧೀಜಿಯ ಚಳವಳಿಗೆ ಹೊರಟವರು, ಗುಜರಾತ್ ವಿದ್ಯಾಪೀಠದಲ್ಲಿ ಕಲಿತವರು, 1942ರಲ್ಲಿ ಜೈಲಿಗೆ ಹೋದವರು. ಹಳ್ಳಿಯನ್ನು ಉದ್ಧಾರ ಮಾಡಬೇಕು ಎಂದು ಭಾಷಣ ಮಾಡಿದವರು ಆ ಕಾಲದಲ್ಲಿ ಬಹಳ ಜನ. ಹಳ್ಳಿಯವರು ಯಾವುದಕ್ಕೆ ನಗುತ್ತಾರೆ, ಯಾರ ಮೇಲೆ ಚಾಡಿ ಹೇಳುತ್ತಾರೆ ಎಂದು ಕಿವಿಗೊಟ್ಟು ಕೇಳಿದವರು ಕಡಿಮೆ. ಗೊರೂರರ ನಗೆಯಲ್ಲಿ ಆ ಕೇಳುವಿಕೆ ಇದೆ. ಮುಂದೆ ಅವರ ಊರಿನ ಬಳಿಯೇ ಹೇಮಾವತಿಗೆ ಅಣೆಕಟ್ಟು ಬಂತು, ಕಣಿವೆಯ ಎಷ್ಟೋ ಭೂಮಿ ನೀರಿನಡಿಗೆ ಹೋಯಿತು. ಅಂಥ ಬದುಕಿನ ಬಗ್ಗೆ ಸರ್ಕಾರಿ ಕಡತದಲ್ಲಿ ಎಕರೆಗಳ ಲೆಕ್ಕ ಸಿಗುತ್ತದೆ, ಜನ ಹೇಗೆ ನಗುತ್ತಿದ್ದರು ಎಂಬುದಕ್ಕೆ ಹರಟೆಯ ಪುಸ್ತಕವನ್ನೇ ತೆರೆಯಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಸಂಬಳವೋ ಪಿಂಚಣಿಯೋ ಬರುವ, ಮನೆಯಲ್ಲಿ ಯಾರೋ ಕಾಫಿ ಮಾಡಿ ತಂದುಕೊಡುವ ಗಂಡಸಿಗೆ ಮಾತ್ರ ಒದಗುವ ಸೌಭಾಗ್ಯ ಇದು ಎಂಬ ಮಾತನ್ನು ತಳ್ಳಿಹಾಕಲಾಗದು. ಹಳೆಯ ಪ್ರಬಂಧಗಳಲ್ಲಿ ಕಾಫಿ ಬರುತ್ತದೆ, ಅದನ್ನು ಸೋಸಿದ ಕೈ ಬರುವುದು ಅಪರೂಪ. ಬಂದರೂ ತಮಾಷೆಗೆ. ‘ಕೊರವಂಜಿ’ ಪತ್ರಿಕೆಯನ್ನು ಡಾ. ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ಶುರುಮಾಡಿದಾಗ ಅದರ ಪುಟಗಳಲ್ಲೂ ಹೆಂಡತಿಯೆಂದರೆ ನಗೆಗೆ ಸಿದ್ಧವಾಗಿದ್ದ ಸರಕು. ಅದೇ ಪತ್ರಿಕೆಯಲ್ಲಿ ಟಿ. ಸುನಂದಮ್ಮ ಬರೆಯತೊಡಗಿದ್ದು ಕನ್ನಡ ಹಾಸ್ಯದಲ್ಲಿ ಸಣ್ಣ ಬದಲಾವಣೆಯಲ್ಲ. ಅದೇ ಸಂಸಾರ, ಅದೇ ಅಡುಗೆಮನೆ, ಆದರೆ ನಗುವ ಬಾಯಿ ಬೇರೆ. ಹಜಾರದಲ್ಲಿ ಪತ್ರಿಕೆ ಹಿಡಿದು ಕೂತವರು ಒಳಗಿನಿಂದ ನೋಡಿದರೆ ಹೇಗೆ ಕಾಣುತ್ತಾರೆ ಎಂಬುದು ಆಗ ತಿಳಿಯಿತು.

ವೈದೇಹಿ ಈ ಹಾದಿಯಲ್ಲಿ ಇನ್ನೂ ಮುಂದೆ ಹೋದರು. ಕುಂದಾಪುರದ ಅಡುಗೆಮನೆಗಳು, ಹಿತ್ತಿಲ ಪಿಸುಮಾತುಗಳು ಅವರ ಕಥೆಗಳ ಬಂಡವಾಳ. ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕಥೆಯಲ್ಲಿ ಊರಿಗೆ ಸಿನಿಮಾ ಮಂದಿರ ಬರುತ್ತದೆ, ಹೆರಿಗೆ ಮಾಡಿಸುವ ಲಿಲ್ಲಿಬಾಯಿ ಹೆಂಗಸರ ಕಡೆಯ ಗೇಟು ಕಾಯುತ್ತಾಳೆ. ಸಿನಿಮಾ ನೋಡುವುದು ಎಂಬ ಒಂದು ಸಣ್ಣ ಸುಖ ಊರಿನ ಹೆಂಗಸರ ನಡೆನುಡಿಗಳಲ್ಲಿ ಏನೇನು ಕದಲಿಸಿತು ಎಂಬುದೇ ಕಥೆ. ಹೊರಗೆ ಹೋಗಿ ಮೂರು ಗಂಟೆ ಕತ್ತಲಲ್ಲಿ ಕೂತು ಬರುವುದು ಗಂಡಸಿಗೆ ಮನರಂಜನೆ, ಆ ಹೆಂಗಸರಿಗೆ ಅದೊಂದು ಹಕ್ಕು. ಯಾರ ಸುಖಕ್ಕೆ ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆ ರಾಜಕೀಯದ ಪ್ರಶ್ನೆಯೇ. ಅದು ಬೇಗ ಕಣ್ಣಿಗೆ ಬೀಳುವುದು ಇಂಥ ಪುಟ್ಟ ಜಾಗದಲ್ಲಿ.

ಇನ್ನು ಸಿದ್ಧಲಿಂಗಯ್ಯ. 1975ರ ‘ಹೊಲೆಮಾದಿಗರ ಹಾಡು’ ಸಂಕಲನದ ಕವಿ, ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರು. ಅವರ ಆತ್ಮಕಥನ ‘ಊರುಕೇರಿ’ಯನ್ನು ಕೈಗೆತ್ತಿಕೊಂಡವರು ಕೋಪವನ್ನು ನಿರೀಕ್ಷಿಸಿದ್ದರೆ ಅದು ಸಹಜವೇ. ಪುಟ ತಿರುವಿದರೆ ಸಿಗುವುದು ನಗು. ಹಸಿವು ಇದೆ, ಅವಮಾನ ಇದೆ. ಅವುಗಳ ಪಕ್ಕದಲ್ಲೇ ಕೇರಿಯ ಹುಡುಗರ ಕಿಡಿಗೇಡಿತನ, ದೊಡ್ಡವರ ವಿಚಿತ್ರ ಸ್ವಭಾವ, ಸ್ಮಶಾನದಲ್ಲಿ ಕೂತು ಓದುವ ನೆಮ್ಮದಿಯೂ ಇದೆ. ಓದಲು ಕೋಣೆಯಿಲ್ಲದವನಿಗೆ ಸ್ಮಶಾನವೇ ಗ್ರಂಥಾಲಯ. ನೋವನ್ನು ಮಾತ್ರ ಬರೆದುಕೊಳ್ಳಬೇಕೆಂದು ದಲಿತ ಲೇಖಕನಿಂದ ಬಯಸುವ ಓದುಗರಿಗೆ ಈ ನಗು ಇರುಸುಮುರುಸು ತಂದೀತು. ಸುಖಪಡುವುದೂ ಅದನ್ನು ಕುರಿತು ಯೋಚಿಸುವುದೂ ಉಳ್ಳವರ ಆಸ್ತಿ ಎನ್ನುವ ಆಕ್ಷೇಪದೊಳಗೆ ಗೊತ್ತಿಲ್ಲದೆಯೇ ಇನ್ನೊಂದು ಅನ್ಯಾಯ ಅಡಗಿದೆ: ಇಲ್ಲದವರಿಗೆ ಬರೀ ಕಷ್ಟವನ್ನೇ ಬರೆದುಕೊಡುವ ಅನ್ಯಾಯ. ಇಷ್ಟು ಹೇಳಿಯೂ ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ಸುಖ ಎಲ್ಲರಿಗೂ ಇದ್ದೀತು, ಅದನ್ನು ಬರೆಯುವ ಪುರುಸೊತ್ತು ಎಲ್ಲರಿಗೂ ಇರಲಿಲ್ಲ. ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ಕೂತಾಗ ಅವರಿಗೆ ನಲವತ್ತು ದಾಟಿತ್ತು, ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಬರೆಯದೆಯೇ ನಲವತ್ತು ದಾಟಿ ಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಕೊನೆಯ ಆಕ್ಷೇಪ ಸಾಹಿತ್ಯದ ಒಳಗಿನದು. ಹಗುರವಾದದ್ದು ಹಗುರವಾಗಿಯೇ ಉಳಿಯುತ್ತದೆ, ದೊಡ್ಡ ವಿಚಾರದ ಭಾರವನ್ನು ಅದು ಹೊರಲಾರದು ಎನ್ನುವುದು. ಮೂಡಿಗೆರೆಯ ತೇಜಸ್ವಿಯವರನ್ನು ಓದಿದವರು ಇದನ್ನು ಒಪ್ಪುವುದು ಕಷ್ಟ. ಗಾಳ ಹಾಕಿ ಮೀನಿಗೆ ಕಾಯುವುದು, ಹಕ್ಕಿಯ ಫೋಟೊಕ್ಕಾಗಿ ಗಂಟೆಗಟ್ಟಲೆ ಕೂರುವುದು, ನಾಯಿಯ ಹಿಂದೆ ಕಾಡು ಸುತ್ತುವುದು ಅವರ ದಿನಚರಿಯಾಗಿತ್ತು. ‘ಪರಿಸರದ ಕತೆ’ ಪೂರಾ ಇಂಥದ್ದೇ. 1980ರ ‘ಕರ್ವಾಲೊ’ ಜೇನುತುಪ್ಪ, ಜೇನುಸಾಕಣೆ, ಮಂದಣ್ಣನ ಫಜೀತಿಗಳಲ್ಲಿ ಹರಟೆಯಂತೆ ಸಾಗುತ್ತ ಸಾಗುತ್ತ ಹಾರುವ ಓತಿಯೊಂದರ ಬೆನ್ನು ಹತ್ತಿ ಜೀವವಿಕಾಸದ ಕೋಟ್ಯಂತರ ವರ್ಷಗಳ ಅಂಚಿಗೆ ಓದುಗನನ್ನು ತಂದು ನಿಲ್ಲಿಸುತ್ತದೆ. ಗಾಳ ಹಾಕಿ ಕೂತು ರೂಢಿಯಿಲ್ಲದವನಿಂದ ಆ ಕಾದಂಬರಿಯ ತಾಳ್ಮೆ ಸಾಧ್ಯವಾಗುತ್ತಿರಲಿಲ್ಲ ಎಂದು ನನ್ನ ಎಣಿಕೆ.

ಮೂರ್ತಿರಾಯರ ಉದಾಹರಣೆ ಇದಕ್ಕಿಂತ ಸ್ವಾರಸ್ಯದ್ದು. 1900ರಲ್ಲಿ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿ, ಇಂಗ್ಲಿಷ್ ಮೇಷ್ಟರಾಗಿ, 2003ರವರೆಗೆ ಬದುಕಿದ ಅವರನ್ನು ಬಹುಕಾಲ ಜನ ಗುರುತಿಸಿದ್ದು ನವಿರು ಹಾಸ್ಯದ ಪ್ರಬಂಧಕಾರರೆಂದೇ. ತೊಂಬತ್ತು ದಾಟಿದ ಮೇಲೆ, 1991ರಲ್ಲಿ, ಅವರ ‘ದೇವರು’ ಪ್ರಕಟವಾಯಿತು. ದೇವರಿದ್ದಾನೆಂದು ನಂಬಲು ತನಗೇಕೆ ಆಗುವುದಿಲ್ಲ ಎಂಬುದನ್ನು ವಿವರಿಸುವ ಪುಸ್ತಕ ಅದು. ಕನ್ನಡದ ಮನೆಗಳಲ್ಲಿ ಇಂಥ ವಿಷಯ ಎತ್ತಿದರೆ ಸಾಮಾನ್ಯವಾಗಿ ದನಿ ಏರುತ್ತದೆ, ಬಾಗಿಲು ಬಡಿಯುತ್ತದೆ. ಈ ಪುಸ್ತಕವನ್ನು ಮಾತ್ರ ದಿನವೂ ದೀಪ ಹಚ್ಚುವವರೂ ಕೊಂಡು ಓದಿದರು, ಒಪ್ಪದೆಯೂ ಮೆಚ್ಚಿಕೊಂಡರು. ಕಾರಣ ಅದರ ತರ್ಕ ಒಂದೇ ಅಲ್ಲ, ಅದಕ್ಕಿಂತ ತೀಕ್ಷ್ಣವಾದ ತರ್ಕ ಬೇರೆ ಕಡೆ ಸಿಗುತ್ತದೆ. ಎದುರಿಗೆ ಕೂತವನನ್ನು ಗೆಳೆಯನೆಂದೇ ಭಾವಿಸಿ, ತನ್ನ ಅನುಮಾನವನ್ನೇ ಮೊದಲು ಒಪ್ಪಿಕೊಂಡು, ನಡುವೆ ತನ್ನನ್ನೇ ಸ್ವಲ್ಪ ಗೇಲಿ ಮಾಡಿಕೊಂಡು ಮಾತು ಮುಂದುವರಿಸುವ ಆ ದನಿಯನ್ನು ಅವರು ಎಲ್ಲಿ ಪಳಗಿಸಿಕೊಂಡಿದ್ದರು ಎಂದು ಹುಡುಕಿದರೆ 54 ವರ್ಷ ಹಿಂದಿನ ‘ಹಗಲುಗನಸುಗಳು’ ಸಿಗುತ್ತದೆ. ಸೋಮಾರಿತನ, ಅಲೆದಾಟ, ಮನಸ್ಸಿನ ಚಪಲ ಎಂದು ಹರಟುತ್ತಿದ್ದಾಗ ತಯಾರಾದ ಅದೇ ದನಿ, ಈಗ ದೇವರ ಬಗ್ಗೆ ಮಾತಾಡುತ್ತಿತ್ತು.