ತಲೆಬುರುಡೆಯೂ ತಾಳೆಗರಿಯೂ

ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿಯಲ್ಲಿ, 1920ರಲ್ಲಿ, ತೆಲುಗು ಮನೆಯೊಂದರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಸಂಖ್ಯಾಶಾಸ್ತ್ರಕ್ಕೆ ಬಂದುದು ಬಯಸಿ ಅಲ್ಲ. ಗಣಿತದಲ್ಲಿ ಎಂ.ಎ. ಮುಗಿಸಿ, ಯುದ್ಧದ ದಿನಗಳಲ್ಲಿ ಕೆಲಸ ಅರಸಿ ಕಲ್ಕತ್ತೆಗೆ ಹೋದರು, ಕೆಲಸ ದೊರೆಯಲಿಲ್ಲ. ಅಲ್ಲಿ ಮಹಾಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪರಿಚಯವಾಗಿ, 1941ರಲ್ಲಿ ತರಬೇತಿಗೆ ಸೇರಿದರು. ಮುಂದೆ ನಾಲ್ಕು ದಶಕಗಳ ಸಮೀಪ ಅದೇ ಅವರ ಮನೆಯಾಯಿತು.

ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಹೇಳುತ್ತೇನೆ.

ಸಂಭವನೀಯತೆಯ ಸಂಶೋಧಕನದು ಲೆಕ್ಕದ ಕೋಣೆಯೊಳಗಿನ ಬಾಳು ಎಂದೇ ನಾನು ತಿಳಿದಿದ್ದೆ. ರಾಯರ ಪ್ರಶ್ನೆಗಳಾದರೋ ಪರರ ಬಾಗಿಲಿನಿಂದ ಬಂದುವು. 1944ರಲ್ಲಿ ಅವರು ಫಿಷರರ ಫಲಿತವೊಂದನ್ನು ಪಾಠ ಹೇಳುತ್ತಿದ್ದರು: ಮಾದರಿ ಬಹು ದೊಡ್ಡದಾದಾಗ ಅಂದಾಜು ಎಷ್ಟು ನಿಖರವಾಗಬಲ್ಲುದು ಎಂಬುದು. ಮಾದರಿ ಸಣ್ಣದಾದರೆ? ಎಂದು ಕೇಳಿದ ವಿದ್ಯಾರ್ಥಿ, ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿ. ಎಂ. ದಾಂಡೇಕರ್. ಆ ರಾತ್ರಿಯೇ ಕುಳಿತು ರಾಯರು ಉತ್ತರ ಕಂಡುಕೊಂಡರು. ಒಂದು ಕಡೆಗೆ ವಾಲದ ಅಂದಾಜನ್ನು ಎಷ್ಟೇ ಜಾಣತನದಿಂದ ಮಾಡಿದರೂ ಅದರ ಏರಿಳಿತ ಒಂದು ಮಿತಿಗಿಂತ ಕೆಳಗೆ ಇಳಿಯದು. ಆ ಮಿತಿಯನ್ನು ಗೊತ್ತುಮಾಡುವುದು ನಮ್ಮ ಸಾಮಗ್ರಿಯಲ್ಲಿ ಅಡಗಿರುವ ಮಾಹಿತಿಯೇ. ಸ್ವೀಡನ್ನಿನ ಕ್ರಾಮರರೂ ಬೇರೆಯಾಗಿ ಇದನ್ನೇ ಕಂಡರಾದ್ದರಿಂದ ಇಬ್ಬರ ಹೆಸರೂ ಅದಕ್ಕೆ ಅಂಟಿತು. ಲೇಖನ ಅಚ್ಚಾದುದು 1945ರಲ್ಲಿ. ಅದಕ್ಕಾಗಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದುದು 2023ರಲ್ಲಿ, ರಾಯರಿಗೆ 102 ವರ್ಷವಾಗಿದ್ದಾಗ! ಅದೇ ಆಗಸ್ಟಿನಲ್ಲಿ ಅವರು ತೀರಿಕೊಂಡರು. ವಿದ್ವತ್ತಿನ ಲೋಕದಲ್ಲಿ ಅಂಚೆ ಕೆಲವೊಮ್ಮೆ ಹೀಗೆ ತಡವಾಗುತ್ತದೆ.

1946ರಲ್ಲಿ ಕೇಂಬ್ರಿಜ್‌ನ ವಸ್ತುಸಂಗ್ರಹಾಲಯ ಅವರನ್ನು ಕರೆಸಿಕೊಂಡಿತು. ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನರ ಎಲುಬುಗಳನ್ನು ಅಳೆದು, ಆ ಜನ ಯಾರಿಗೆ ಹತ್ತಿರದವರು ಎಂದು ಹೇಳಬೇಕಿತ್ತು. ಬಳಸಿದ ಉಪಕರಣ ಮಹಾಲನೋಬಿಸರ ‘ದೂರ’. ಇದರ ಮರ್ಮ ಸರಳ. ದೊಡ್ಡ ಬುರುಡೆಗೆ ಉದ್ದವೂ ಹೆಚ್ಚು, ಅಗಲವೂ ಹೆಚ್ಚು. ಉದ್ದ ಒಂದು ಸಾಕ್ಷಿ, ಅಗಲ ಇನ್ನೊಂದು ಎಂದು ಎಣಿಸಿದರೆ ಒಂದೇ ಸಂಗತಿಯನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತಾಗುತ್ತದೆ. ಅಳತೆಗಳ ಈ ನಂಟಸ್ತಿಕೆಯನ್ನು ಕಳೆದ ಮೇಲೆಯೇ ಎರಡು ಜನಗಳ ನಡುವಣ ದೂರ ತಿಳಿಯುವುದು.

ಇದನ್ನು ಓದಿದ ದಿನ ನನ್ನ ಹಳೆಯ ತಪ್ಪೊಂದು ಎದುರಿಗೆ ಬಂದು ನಿಂತಿತು. ನಾನು ಸಂಪಾದಿಸಿದ ಕಾವ್ಯವೊಂದರಲ್ಲಿ ಐದು ತಾಳೆಗರಿ ಪ್ರತಿಗಳು ಒಂದು ಪಾಠವನ್ನೂ ಆರನೆಯದು ಮತ್ತೊಂದನ್ನೂ ಕೊಡುತ್ತಿದ್ದುವು. ಐದರ ಮಾತಿಗೆ ಮಣಿದು ಆರನೆಯದನ್ನು ಅಡಿಟಿಪ್ಪಣಿಗೆ ತಳ್ಳಿದೆ. ಅಚ್ಚಾದ ಮೇಲೆ ಕಣ್ಣಿಗೆ ಬಿತ್ತು: ಐದರಲ್ಲಿಯೂ ಒಂದೇ ಎಡೆಯಲ್ಲಿ ಒಂದೇ ಸಾಲು ಬಿಟ್ಟುಹೋಗಿದೆ. ಐದೂ ಒಂದೇ ತಾಯಿಯ ಮಕ್ಕಳು! ಸಾಕ್ಷಿಗಳು ಇದ್ದುದು ಆರಲ್ಲ, ಎರಡೇ. ಗ್ರಂಥಸಂಪಾದನೆಯಲ್ಲಿ ಇದು ಅಆಇಈ. ತರಗತಿಯಲ್ಲಿ ನಾನೇ ಹೇಳಿಕೊಡುತ್ತಿದ್ದೆ. ಐದು ಎಂಬ ಅಂಕೆ ನನ್ನನ್ನು ಮರುಳುಮಾಡಿತ್ತು.

ಮತ್ತೊಮ್ಮೆ ಓದಿದರೆ, ಛಂದಸ್ಸಿಗೂ ಅರ್ಥಕ್ಕೂ ಆ ಒಂಟಿ ಪಾಠವೇ ಹೊಂದುತ್ತದೆ. ಪುಸ್ತಕದಲ್ಲಿ ಅದಿನ್ನೂ ಅಡಿಯಲ್ಲಿಯೇ ಇದೆ. ನನ್ನ ಪ್ರತಿಯ ಅಂಚಿನಲ್ಲಿ ಮಾತ್ರ ಪೆನ್ಸಿಲಿನ ಗೆರೆಯೊಂದು ಅದನ್ನು ಮೇಲಕ್ಕೆತ್ತಿ ತೋರಿಸುತ್ತದೆ.